ಕಡ್ಡಿಪುಡಿ ಒಂದೇ ಸಲ ಬಿಟ್ಟರೆ ಮಗುವಿಗೆ ತೊಂದರೆನಾ?

ಗುಬ್ಬಿಯಿಂದ ಕೇಳಿರುವ ಅಕ್ಕ, ಐದನೇ ತಿಂಗಳಲ್ಲಿ ಕಡ್ಡಿಪುಡಿ (ಜಗಿಯೋ ತಂಬಾಕು) ಒಂದೇ ಸಲ ಬಿಟ್ಟರೆ ಹೊಟ್ಟೆಯಲ್ಲಿರೋ ಮಗುವಿಗೆ ಏಟು ಬೀಳುತ್ತೆ ಅಂತ ನಿಮ್ಮ ಅತ್ತೆ ಹೇಳಿದ್ದು ಸರಿಯಲ್ಲ. ಬಿಡುವುದರಿಂದ ಮಗುವಿಗೆ ಒಳ್ಳೆಯದೇ. ಕಷ್ಟ ನಿಮಗೆ ಮಾತ್ರ: ಸಿಡುಕು, ತಲೆನೋವು, ನಿದ್ದೆ ಬಾರದಿರುವುದು. ಮೊದಲ ವಾರ ಜಾಸ್ತಿ, ಆಮೇಲೆ ಇಳಿಯುತ್ತೆ.

ಹೊಗೆ ಇಲ್ಲ, ಬೀಡಿಗಿಂತ ವಾಸಿ ಅಲ್ವಾ ಅಂತ ಕೇಳಿದ್ದೀರಿ. ಇಲ್ಲ. ನಿಕೋಟಿನ್ ಬಾಯಿಯಿಂದಲೇ ರಕ್ತಕ್ಕೆ ಸೇರಿ, ಮಾಸು ದಾಟಿ ಮಗುವಿಗೆ ಹೋಗುತ್ತೆ. ಮಗುವಿನ ತೂಕ ಕಡಿಮೆಯಾಗುವ, ದಿನ ತುಂಬುವ ಮೊದಲೇ ಹೆರಿಗೆಯಾಗುವ ಅಪಾಯ ಇದರಿಂದಲೂ ಇದೆ.

ಒಮ್ಮೆಗೇ ಆಗದಿದ್ದರೆ ಕಮ್ಮಿ ಮಾಡುತ್ತಾ ಬನ್ನಿ, ಆದರೆ ಪೂರ್ತಿ ನಿಲ್ಲಿಸೋ ದಿನ ಈಗಲೇ ಗೊತ್ತು ಮಾಡಿಕೊಳ್ಳಿ. ಇಲ್ಲದಿದ್ದರೆ ದಿನಕ್ಕೆ ನಾಲ್ಕು ಸಲಕ್ಕೆ ಇಳಿಸಿದ್ದು ಮತ್ತೆ ಎಂಟಾಗುತ್ತೆ. ಊಟ ಆದ ಮೇಲಿನದೇ ಎಲ್ಲಕ್ಕಿಂತ ಕಷ್ಟ. ಎಲೆಯಡಿಕೆ ತಟ್ಟೆ ಎದುರಿಗಿದ್ದರೆ ಕೈ ತಾನಾಗೇ ಹೋಗುತ್ತೆ. ಕೈ ತೊಳೆದು, ಬಾಯಿ ಮುಕ್ಕಳಿಸಿ, ಒಂದು ಲವಂಗ ಬಾಯಿಗೆ ಹಾಕಿಕೊಂಡು ಸುಮ್ನೆ ಅಂಗಳಕ್ಕೆ ಹೋಗಿಬಿಡಿ. ಆ ಸೆಳೆತ ಕೆಲವು ನಿಮಿಷದ್ದು ಅಷ್ಟೇ. ಅಡಿಕೆಯೂ ಬೇಡ (ತುಮಕೂರು ಸೀಮೆಯಲ್ಲಿ ಹೀಗಂದರೆ ಬೈಸಿಕೊಳ್ಳಬೇಕು, ಇರಲಿ).

ನಿಕೋಟಿನ್ ಗಮ್ ನೀವೇ ಮೆಡಿಕಲ್ ಶಾಪ್‌ನಲ್ಲಿ ತಗೋಬೇಡಿ, ಡಾಕ್ಟರ್ ಹೇಳಿದರೆ ಮಾತ್ರ. ತಾಯಿ ಕಾರ್ಡ್ ಹಿಡಿದು ತಪಾಸಣೆಗೆ ಹೋದಾಗ ಕಡ್ಡಿಪುಡಿ ವಿಷಯ ಮುಚ್ಚಿಡಬೇಡಿ. ಬೈಯಬಹುದು ಅಂತ ನಾಚಿಕೊಂಡರೆ ನಷ್ಟ ನಿಮಗೇ. ತಂಬಾಕು ಬಿಡೋರಿಗೆ ಇರೋ ಸರ್ಕಾರಿ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಯಜಮಾನರ ಬೀಡಿ ಮನೆಯೊಳಗೆ ಬೇಡವೇ ಬೇಡ. ಆ ಹೊಗೆಯೂ ಮಗುವಿಗೆ ಕೆಟ್ಟದ್ದೇ.