ನಿಮ್ಮ ಲೇಖನ ಮೂರನೇ ಪುಟದಲ್ಲಿ ಶುರುವಾಗುತ್ತದೆ

ನಮಸ್ಕಾರ.

‘ಕನ್ನಡ ಶಾಲೆಗೆ ಕನ್ನಡ ಬಲ್ಲ ಟೀಚರೇ ಬೇಕು’ ಎಂಬ ನಿಮ್ಮ ಲೇಖನ ತಲುಪಿತು. ಎರಡು ಸಲ ಓದಿದೆ. ಈಗ ಇರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸಲು ಮನಸ್ಸು ಬರಲಿಲ್ಲ. ನಡುವೆ ನೀವು ಬರೆದದ್ದನ್ನು ಕಾಸರಗೋಡಿನಲ್ಲಿ ಇದ್ದವರೇ ಬರೆಯಬೇಕು. ತೊಂದರೆ ಇರುವುದು ಎರಡು ತುದಿಗಳಲ್ಲಿ.

ನಿಮ್ಮ ಮೊದಲ ವಾಕ್ಯ ‘ಸಪ್ತಭಾಷೆಗಳ ಸಂಗಮಭೂಮಿಯಾದ ನಮ್ಮ ಕಾಸರಗೋಡು’ ಎಂದು ಶುರುವಾಗುತ್ತದೆ. ಈ ಮಾತನ್ನು ನಾವು ಎಷ್ಟು ಸಭೆಗಳಲ್ಲಿ ಕೇಳಿಲ್ಲ ಹೇಳಿ? ಸ್ವಾಗತ ಭಾಷಣಕ್ಕೆ ಸರಿ. ವಾದ ಮಾಡುವ ಲೇಖನದಲ್ಲಿ ಅದು ಓದುವವರ ಸಮಯ ತಿನ್ನುತ್ತದೆ. ಅಲ್ಲಿಂದ ನೀವು 1956ರ ನವೆಂಬರ್ 1ಕ್ಕೆ ಹೋಗುತ್ತೀರಿ. ಅಂದು ಕಾಸರಗೋಡು ಕೇರಳಕ್ಕೆ ಸೇರಿಹೋದ ನೋವು ಬರುತ್ತದೆ. ಅದು ನಿಜವಾದ ನೋವೇ, ನಮ್ಮ ಮನೆಯ ಹಿರಿಯರಲ್ಲಿ ನಾನೂ ಕಂಡದ್ದು. ಆದರೆ ಎರಡು ಪುಟ ಮುಗಿದರೂ ‘ಟೀಚರು’ ಎಂಬ ಶಬ್ದ ಬಂದಿಲ್ಲ.

ಅದು ಬಂದದ್ದು ಮೂರನೇ ಪುಟದಲ್ಲಿ. ನಿಮ್ಮ ಅಕ್ಕನ ಮಗಳು ಕನ್ನಡ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಕನ್ನಡ ಬಾರದ ಟೀಚರು ಬೋರ್ಡಿನಲ್ಲಿ ಲೆಕ್ಕ ಬರೆದು ‘ಹರಣ’ ಮಾಡಲು ಹೇಳಿದರು. ಮಲಯಾಳದಲ್ಲಿ ಹರಣ ಎಂದರೆ ಭಾಗಾಕಾರ. ಮಗುವಿಗೆ ಗೊತ್ತಿದ್ದ ಹರಣ ಒಂದೇ, ಯಕ್ಷಗಾನದ ಆಟದಲ್ಲಿ ರಾವಣ ಬಂದು ಸೀತೆಯನ್ನು ಹೊತ್ತುಕೊಂಡು ಹೋಗುವುದು. ಮನೆಗೆ ಬಂದು ‘ಅಮ್ಮಾ, ಲೆಕ್ಕದಲ್ಲಿ ಯಾರನ್ನು ಹೊತ್ತುಕೊಂಡು ಹೋಗುವುದು?’ ಎಂದು ಕೇಳಿದಳು.

ಇದೇ ನಿಮ್ಮ ಆರಂಭ. ಇದಕ್ಕಿಂತ ಮೊದಲು ಇರುವುದನ್ನೆಲ್ಲ ತೆಗೆದುಬಿಡಿ. ಆ ಮಗುವಿನ ಪ್ರಶ್ನೆ ಕೇಳಿದವರಿಗೆ ಸಮಸ್ಯೆ ಏನೆಂದು ಬೇರೆ ವಿವರಿಸಬೇಕಾಗಿಲ್ಲ. ಅದರ ಬೆನ್ನಿಗೇ ನಿಮ್ಮ ನಿಲುವು ಬರಲಿ. ಅದನ್ನೂ ನೀವೇ ಬರೆದಿದ್ದೀರಿ, ನಾಲ್ಕನೇ ಪುಟದ ಕೆಳಗೆ: ‘ಮಲಯಾಳ ಕಲಿಯುವುದು ಬೇರೆ, ಗಣಿತವನ್ನು ಮಲಯಾಳದಲ್ಲಿ ಕಲಿಯುವುದು ಬೇರೆ.’ ಎಷ್ಟು ಚೆನ್ನಾಗಿದೆ! ‘ಕೇರಳದಲ್ಲಿದ್ದುಕೊಂಡು ಮಲಯಾಳ ಬೇಡವಾ?’ ಎಂದು ಎದ್ದು ನಿಲ್ಲುವವರೂ ಈ ಮಾತು ಕೇಳಿದರೆ ಒಂದು ನಿಮಿಷ ಕೂತು ಓದುತ್ತಾರೆ. ಘಟನೆ, ನಿಲುವು ಎರಡೂ ಸೇರಿ ಏಳೆಂಟು ಸಾಲು. ಅಷ್ಟು ಸಾಕು.

ನೀವು ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಕೇಳುತ್ತಾ ಬೆಳೆದವರು ಎಂದು ಪತ್ರದಲ್ಲಿ ಬರೆದಿದ್ದೀರಿ. ಹಾಗಾದರೆ ಪೀಠಿಕೆ ಏನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಪಾತ್ರದ ಮಾತಾಡುವ ಒಳ್ಳೆಯ ಅರ್ಥಧಾರಿ ಆರಂಭದಲ್ಲಿ ಹೇಳುವ ಪೀಠಿಕೆ ಕೇಳಿದರೆ ಈ ಪಾತ್ರ ಯಾವ ಪಕ್ಷ, ಎದುರಿನವರು ಎಲ್ಲಿ ಹಿಡಿಯಬಹುದು ಎಂದು ಗೊತ್ತಾಗುತ್ತದೆ. ಪೀಠಿಕೆಯನ್ನೇ ಎಳೆದರೆ ಸಂವಾದಕ್ಕೆ ಹೊತ್ತು ಉಳಿಯುವುದಿಲ್ಲ. ನಿಮ್ಮ ಲೇಖನದಲ್ಲಿ ಆದದ್ದೂ ಅದೇ. ಎದುರು ಪಕ್ಷಕ್ಕೆ ನೀವು ಕೊಟ್ಟಿರುವುದು ಎರಡೇ ಸಾಲು.

1956 ಪೂರ್ತಿ ಬಿಡಬೇಕು ಎಂದು ನಾನು ಹೇಳುತ್ತಿಲ್ಲ. ಅದೇ ವರ್ಷ ಸಂವಿಧಾನದ ಏಳನೇ ತಿದ್ದುಪಡಿಯಲ್ಲಿ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಬೇಕಾದ ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕು ಎನ್ನುತ್ತದೆ ಅದು. ನಿಮ್ಮ ವಾದಕ್ಕೆ ಬೇಕಾದ 1956 ಇದು. ಇದು ನಡುವೆ ಬರಲಿ. ‘ಪ್ರಯತ್ನಿಸಬೇಕು’ ಎಂಬ ಶಬ್ದವನ್ನು ಮಾತ್ರ ಮುಚ್ಚಿಡಬೇಡಿ. ನೀವು ಮುಚ್ಚಿಟ್ಟರೆ ಎದುರಿನವರು ಅದನ್ನೇ ಎತ್ತಿ ತೋರಿಸುತ್ತಾರೆ. ಇನ್ನೊಂದು, ಒಂದು ಮಗುವಿನ ಕತೆ ಓದುಗರನ್ನು ಒಳಗೆ ಕರೆಯುತ್ತದೆ, ಅಷ್ಟೇ. ಇದು ಒಂದೇ ಕ್ಲಾಸಿನ ಸಂಗತಿಯಲ್ಲ ಎನ್ನಲು ಲೆಕ್ಕ ಬೇಕು. ಹತ್ತಿರದ ನಾಲ್ಕು ಶಾಲೆಗಳಿಗೆ ನೀವೇ ಹೋಗಿ ಕೇಳಿ ಬನ್ನಿ.

ಈಗ ಕೊನೆಯ ಪ್ಯಾರಾ. ಇಲ್ಲಿ ನನಗೆ ನಿಜಕ್ಕೂ ಬೇಸರವಾಯಿತು. ಟೀಚರ ವಿಷಯ ಹೇಳುತ್ತಿದ್ದವರು ಒಮ್ಮೆಲೇ ರಾಜ್ಯಗಳ ಗಡಿ ವಿವಾದ ಪರಿಶೀಲಿಸಿದ ಮಹಾಜನ ಆಯೋಗದ ವರದಿಗೆ ಹಾರಿದಿರಿ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕನ್ನಡ ನಾಡಿಗೆ ಸೇರಲಿ ಎಂದು 1967ರಲ್ಲಿ ಆ ವರದಿ ಹೇಳಿದ್ದು ನಿಜ. ಅದು ಸಣ್ಣ ಸಂಗತಿಯೂ ಅಲ್ಲ. ಆದರೆ ಅದಕ್ಕೆ ಬೇರೆಯೇ ಲೇಖನ ಬೇಕು. ಅಲ್ಲಿಯವರೆಗೆ ನಿಮ್ಮ ಜೊತೆ ತಲೆಯಾಡಿಸುತ್ತಾ ಬಂದ ಮಲಯಾಳಿ ಓದುಗರೊಬ್ಬರು ಇದ್ದರೆ, ಅವರನ್ನು ಆ ವಾಕ್ಯದಲ್ಲಿ ಕಳೆದುಕೊಂಡಿರಿ. ಸಿಗಬಹುದಾಗಿದ್ದ ಟೀಚರನ್ನೂ ಕಳೆದುಕೊಂಡಿರಿ. ಮುಕ್ತಾಯದಲ್ಲಿ ಹೊಸ ಬೇಡಿಕೆ ತಂದರೆ ಅದನ್ನು ಸಾಧಿಸಿ ತೋರಿಸಲು ಜಾಗವೇ ಇರುವುದಿಲ್ಲ.

ಆಮೇಲೆ ‘ಇನ್ನಾದರೂ ಸಂಬಂಧಪಟ್ಟವರು ಎಚ್ಚೆತ್ತುಕೊಳ್ಳಲಿ’ ಎಂದು ಮುಗಿಸಿದ್ದೀರಿ. ಯಾರು ಆ ಸಂಬಂಧಪಟ್ಟವರು? ಕೇರಳದಲ್ಲಿ ಸರಕಾರಿ ಶಾಲೆಯ ಟೀಚರುಗಳನ್ನು ಆರಿಸುವುದು ಪಬ್ಲಿಕ್ ಸರ್ವಿಸ್ ಕಮಿಷನ್. ಅನುದಾನಿತ ಶಾಲೆಯಾದರೆ ನೇಮಿಸುವುದು ಮ್ಯಾನೇಜರು. ಇಬ್ಬರನ್ನೂ ಕೇಳಬೇಕಾದದ್ದು ಒಂದೇ ಅಲ್ಲ, ಅಲ್ವಾ? ಯಾರು, ಏನು, ಯಾವಾಗ ಮಾಡಬೇಕು ಎಂದು ಬರೆಯಿರಿ. ಉದಾಹರಣೆಗೆ, ಕನ್ನಡ ಮಾಧ್ಯಮದ ಹುದ್ದೆಗೆ ಆರಿಸುವ ಮೊದಲು ಅಭ್ಯರ್ಥಿ ಒಂದು ಪಾಠವನ್ನು ಕನ್ನಡದಲ್ಲಿ ಮಾಡಿ ತೋರಿಸಲಿ ಎಂದು ಕೇಳಬಹುದು. ಹೇಳಿದ್ದನ್ನೇ ‘ಒಟ್ಟಿನಲ್ಲಿ’ ಎಂದು ಮತ್ತೆ ಹೇಳುವ ಮೂರು ಸಾಲನ್ನು ಹೊಡೆದುಹಾಕಿದ್ದೇನೆ. ಐದು ಪುಟದ ಲೇಖನವನ್ನು ಓದಿದವರು ಅಷ್ಟು ಬೇಗ ಮರೆಯುವುದಿಲ್ಲ.

ತಿದ್ದುವಾಗ ಮೊದಲ ಪ್ಯಾರಾವನ್ನು ಕೊನೆಗೆ ಬರೆಯಿರಿ. ನಾನು ಹಾಗೆಯೇ ಮಾಡುವುದು. ಏನು ಸಾಧಿಸಿದ್ದೇನೆ ಎಂದು ಗೊತ್ತಾದ ಮೇಲೆ ಎಲ್ಲಿಂದ ಹೊರಡಬೇಕಿತ್ತು ಎಂಬುದು ಸುಲಭವಾಗಿ ಹೊಳೆಯುತ್ತದೆ.

ಒಂದು ಕೇಳುವುದಿದೆ. ನಿಮ್ಮ ಅಕ್ಕನ ಮಗಳು ಆಮೇಲೆ ಭಾಗಾಕಾರ ಕಲಿತಳಾ? ಯಾರು ಕಲಿಸಿದರು? ಲೇಖನದಲ್ಲಿ ಅದು ಎಲ್ಲೂ ಇಲ್ಲ. ತಿದ್ದಿದ ಪ್ರತಿ ಕಳಿಸುವಾಗ ಅದನ್ನೂ ಬರೆಯಿರಿ. ನಿಮ್ಮ ಕೊನೆಯ ಪ್ಯಾರಾ ಅಲ್ಲೇ ಇರಬಹುದು ಎಂದು ನನಗೆ ಅನಿಸುತ್ತಿದೆ.