ಗಡಿಯಾರವಿಲ್ಲದೆ ಕಣದ ಹೊತ್ತು ತಿಳಿಯುವುದು ಹೇಗೆ?

ಪ್ರಶ್ನೆ: ಭಾರ ಅಯಾನುಗಳ ಡಿಕ್ಕಿಯಲ್ಲಿ ಎರಡು ನ್ಯೂಕ್ಲಿಯಸ್‌ಗಳು ಬೆಸೆದುಕೊಳ್ಳುವ ಮೊದಲೇ ಕೆಲವು ಕಣಗಳು ಹೊರಬೀಳುತ್ತವೆ ಎಂದು ಓದಿದೆ. ಅಷ್ಟು ಸಣ್ಣ ಹೊತ್ತನ್ನು ಅಳೆಯುವ ಗಡಿಯಾರವೇ ಇಲ್ಲವಲ್ಲ, ಬೇಗ ಬಂದದ್ದೆಂದು ಹೇಗೆ ಗೊತ್ತಾಗುತ್ತದೆ? ಇದನ್ನು ಮಂಗಳೂರು ವಿಶ್ವವಿದ್ಯಾಲಯದ ಕಣ ವೇಗವರ್ಧಕವಾದ ಕೊಣಾಜೆಯ ಮೈಕ್ರೋಟ್ರಾನ್‌ನಲ್ಲಿ ನೋಡಬಹುದೇ?
– ಎಂ.ಎಸ್ಸಿ. ವಿದ್ಯಾರ್ಥಿನಿ, ದೇರಳಕಟ್ಟೆ

ಉತ್ತರ: ಗಡಿಯಾರ ಇಲ್ಲ, ನಿಜ. ಆದರೆ ಕಣ ಯಾವ ದಿಕ್ಕಿಗೆ, ಎಷ್ಟು ಶಕ್ತಿಯಲ್ಲಿ ಹೊರಟಿತು, ಹಿಂದೆ ಉಳಿದ ನ್ಯೂಕ್ಲಿಯಸ್ ಎಷ್ಟು ದೂರ ಹೋಗಿ ನಿಂತಿತು ಎಂಬುದು ತಿಳಿದರೆ ಬೇಗ ಹೊರಟದ್ದು ಯಾವುದು, ತಡವಾಗಿ ಹೊರಟದ್ದು ಯಾವುದು ಎಂದು ಬೇರ್ಪಡಿಸಬಹುದು.

ಮೊದಲು ತಡವಾಗಿ ಬರುವವನ್ನು ನೋಡೋಣ. 1936ರಲ್ಲಿ ನೀಲ್ಸ್ ಬೋರ್ ಕೊಟ್ಟ ಚಿತ್ರ ಇಂದಿಗೂ ಉಪಯೋಗಕ್ಕೆ ಬರುತ್ತದೆ: ತಟ್ಟೆಯಂಥ ತಗ್ಗಿನಲ್ಲಿ ಗೋಲಿಗಳು ತುಂಬಿವೆ, ಹೊರಗಿನಿಂದ ಇನ್ನೊಂದು ಉರುಳಿ ಬರುತ್ತದೆ. ಅದರ ಶಕ್ತಿ ಎಲ್ಲ ಗೋಲಿಗಳಿಗೂ ಹಂಚಿಹೋಗುತ್ತದೆ. ಬಹಳ ಹೊತ್ತಿನ ಮೇಲೆ ಯಾವುದೋ ಒಂದಕ್ಕೆ ಅಂಚು ದಾಟುವಷ್ಟು ಶಕ್ತಿ ಒಟ್ಟಾದರೆ ಅದು ಹೊರಗೆ. ಅಷ್ಟರಲ್ಲಿ ಆ ನ್ಯೂಕ್ಲಿಯಸ್‌ಗೆ ತಾನು ಹುಟ್ಟಿದ ರೀತಿಯೇ ಮರೆತುಹೋಗಿರುತ್ತದೆ. ಇದನ್ನು 1950ರಲ್ಲಿ ಪ್ರಯೋಗದಿಂದ ತೋರಿಸಿದವರು ನಮ್ಮವರೇ, ಎಸ್.ಎನ್. ಘೋಷಾಲ್. ನಿಕಲ್-60ಕ್ಕೆ ಆಲ್ಫಾ (ಹೀಲಿಯಂ ನ್ಯೂಕ್ಲಿಯಸ್), ತಾಮ್ರ-63ಕ್ಕೆ ಪ್ರೋಟಾನ್ ಹೊಡೆದು ಎರಡೂ ದಾರಿಯಿಂದ ಸತು-64 ಪಡೆದರು. ಅದು ಕಣಗಳನ್ನು ಕಳೆದುಕೊಳ್ಳುವ ಪ್ರಮಾಣ ಎರಡರಲ್ಲೂ ಒಂದೇ ಇತ್ತು. ತರಗತಿಯಲ್ಲಿ ಇವರ ಹೆಸರು ಒಂದು ಸಾಲಿಗೆ ಮುಗಿದುಹೋಗುವುದು ನನಗೆ ಸರಿ ಕಾಣುವುದಿಲ್ಲ.

ಬೇಗ ಬರುವವುಗಳಲ್ಲಿ ಎರಡು ಜಾತಿ. ಒಂದು, ಬೆಸುಗೆಯಾದರೂ ಶಕ್ತಿ ಹಂಚಿಹೋಗುವ ಮೊದಲೇ ತಪ್ಪಿಸಿಕೊಂಡ ನ್ಯೂಟ್ರಾನು, ಪ್ರೋಟಾನು. ತಡವಾಗಿ, ಆವಿಯಂತೆ ಹೊರಬರುವ ನ್ಯೂಟ್ರಾನುಗಳ ಶಕ್ತಿ ಸಾಮಾನ್ಯವಾಗಿ ಕೆಲವೇ ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್, ಕಣಗಳ ಶಕ್ತಿಯ ಅಳತೆ). ಇವುಗಳದು ಅದಕ್ಕಿಂತ ಬಹಳ ಹೆಚ್ಚು, ಓಟವೂ ಹೆಚ್ಚಾಗಿ ಮುಂದಕ್ಕೇ. ಇದನ್ನು ಲೆಕ್ಕಕ್ಕೆ ತಂದ ಎಕ್ಸಿಟಾನ್ ಮಾದರಿ ಗ್ರಿಫಿನ್ ಅವರದು, 1966. ಇನ್ನೊಂದು ಜಾತಿ ಬೆಸೆದೇ ಇಲ್ಲದ್ದು: ಬಂದ ಅಯಾನು ಗುರಿಯ ಹತ್ತಿರ ಒಡೆದು, ಒಂದು ತುಂಡು ಮಾತ್ರ ಒಳಗೆ ಸೇರಿ, ಉಳಿದದ್ದು ಮುಂದೆ ಹಾರಿಹೋಗುತ್ತದೆ. ಇದೇ ಅಪೂರ್ಣ ಸಮ್ಮಿಳನ. ಬ್ರಿಟ್ ಮತ್ತು ಕ್ವಿಂಟನ್ 1961ರಲ್ಲೇ ಇಂಥ ವೇಗದ ಆಲ್ಫಾಗಳನ್ನು ಕಂಡಿದ್ದರು.

ಉದಾಹರಣೆಗೆ 96 ಎಂಇವಿಯ ಆಮ್ಲಜನಕ-16 ಅನ್ನು ಟರ್ಬಿಯಂ-159ಕ್ಕೆ ಹೊಡೆಯಿರಿ. ವೇಗ ಸೆಕೆಂಡಿಗೆ ಸುಮಾರು 34,000 ಕಿ.ಮೀ.; ಆ ವೇಗದಲ್ಲಿ ಟರ್ಬಿಯಂ ನ್ಯೂಕ್ಲಿಯಸ್ಸಿನ ಅಡ್ಡಗಲ ದಾಟಲು ಬೇಕಾದದ್ದು 4×10⁻²² ಸೆಕೆಂಡಿನಷ್ಟು. ಪೂರ್ತಿ ಬೆಸೆದರೆ ಟ್ಯಾಂಟಲಂ-175. ಅದು ಒಂದು ಆಲ್ಫಾ ಕಳೆದುಕೊಂಡರೆ ಲುಟೇಷಿಯಂ-171. ಆದರೆ ಆಮ್ಲಜನಕ ಮೊದಲೇ ಕಾರ್ಬನ್ ಮತ್ತು ಆಲ್ಫಾ ಆಗಿ ಒಡೆದು ಕಾರ್ಬನ್ ಮಾತ್ರ ಸೇರಿದರೂ ಸಿಗುವುದು ಅದೇ ಲುಟೇಷಿಯಂ! ಮುಂದೆ ಅದು ಕೆಲವು ನ್ಯೂಟ್ರಾನುಗಳನ್ನು ಉದುರಿಸಿ ಹಗುರ ಐಸೊಟೋಪ್ ಆಗುತ್ತದೆ. ಹೆಸರು ನೋಡಿ ದಾರಿ ಹೇಳುವಂತಿಲ್ಲ.

ಇಲ್ಲಿ ಕೈಹಿಡಿಯುವುದು ಸಂವೇಗ. ಒಡೆದು ಹೋದ ಆಲ್ಫಾ ಮೂಲ ವೇಗದಲ್ಲೇ, ಸುಮಾರು 24 ಎಂಇವಿ ಹೊತ್ತು, ಕಾಲು ಪಾಲು ಸಂವೇಗವನ್ನು ಒಯ್ದಿರುತ್ತದೆ. ಹಾಗಾಗಿ ಉಳಿದ ನ್ಯೂಕ್ಲಿಯಸ್ಸಿಗೆ ತಳ್ಳು ಕಡಿಮೆ, ಅದು ಬೇಗ ನಿಲ್ಲುತ್ತದೆ. ಗುರಿಯ ಹಿಂದೆ ಮೈಕ್ರೋಮೀಟರಿಗಿಂತ ತೆಳುವಾದ ಅಲ್ಯೂಮಿನಿಯಂ ಹಾಳೆಗಳನ್ನು ಒಂದರ ಹಿಂದೊಂದು ಜೋಡಿಸಿ, ಆಮೇಲೆ ಒಂದೊಂದನ್ನೂ ಜರ್ಮೇನಿಯಂ ಡಿಟೆಕ್ಟರ್ ಮುಂದಿಟ್ಟು, ಅದರಲ್ಲಿ ಸಿಕ್ಕಿಕೊಂಡ ಐಸೊಟೋಪ್ ಯಾವುದು, ಎಷ್ಟು ಎಂದು ತಿಳಿಯಲು ಗಾಮಾ ಕಿರಣ ಎಣಿಸುತ್ತಾರೆ. ನ್ಯೂಟ್ರಾನು ಮಾತ್ರ ಕಳೆದುಕೊಂಡ ಟ್ಯಾಂಟಲಂ ಒಂದೇ ಆಳದಲ್ಲಿ ಗುಂಪಾಗಿ ಸಿಗುತ್ತದೆ. ಆಲ್ಫಾ ಕಳೆದುಕೊಂಡ ಲುಟೇಷಿಯಂ ಎರಡು ಕಡೆ: ಟ್ಯಾಂಟಲಂ ನಿಂತ ಆಳದ ಆಸುಪಾಸಿನಲ್ಲಿ ಒಂದು ಶಿಖರ, ಅದಕ್ಕಿಂತ ಮೊದಲೇ ಇನ್ನೊಂದು. ಆ ಮೊದಲ ಶಿಖರದವೇ ಅಪೂರ್ಣ ಸಮ್ಮಿಳನದವು.

ಕೊಣಾಜೆಯ ಮೈಕ್ರೋಟ್ರಾನ್ ಕೊಡುವುದು 8 ಎಂಇವಿ ಎಲೆಕ್ಟ್ರಾನು. ಆಮ್ಲಜನಕದ ಅಯಾನು ಅಲ್ಲಿ ಸಿಗದು. ಅದಕ್ಕೆ ಮುಂಬೈಯ ಪೆಲೆಟ್ರಾನ್ ವೇಗವರ್ಧಕ ಅಥವಾ ದಿಲ್ಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರಕ್ಕೆ ಹೋಗಬೇಕು. ದಿಲ್ಲಿಯದ್ದು ಇರುವುದೇ ವಿಶ್ವವಿದ್ಯಾಲಯದವರಿಗಾಗಿ; ಬೀಮ್ ಸಮಯಕ್ಕೆ ಪ್ರಸ್ತಾವ ಕಳುಹಿಸಬೇಕು, ಅದೂ ನಿಮ್ಮ ಮಾರ್ಗದರ್ಶಕರ ಮೂಲಕ. ಗಾಮಾ ಶಿಖರ ಓದುವುದನ್ನು ಮಾತ್ರ ಇಲ್ಲೇ ಕಲಿತುಕೊಂಡು ಹೋಗಿ. ಕೆಲವು ಐಸೊಟೋಪ್‌ಗಳ ಅರ್ಧಾಯುಷ್ಯ ನಿಮಿಷಗಳ ಲೆಕ್ಕದ್ದು, ಹಾಳೆ ಕೈಗೆ ಬಂದ ಮೇಲೆ ಕಲಿಯಲು ಅಲ್ಲಿ ಪುರುಸೊತ್ತು ಇರುವುದಿಲ್ಲ.