ಮದುವೆಗೆ ಮೊದಲು ಇಬ್ಬರೂ ಎಚ್‌ಪಿವಿ ಟೆಸ್ಟ್ ಮಾಡಿಸಬೇಕಾ? ಟೆಸ್ಟ್ ಬಿಡಿ, ಲಸಿಕೆ ಹಾಕಿಸಿ

ಎಚ್‌ಪಿವಿ ಅಂದರೆ ಲೈಂಗಿಕ ಸಂಪರ್ಕದಿಂದ ಹರಡುವ, ಗರ್ಭಕೊರಳಿನ (ಗರ್ಭಕೋಶದ ಬಾಯಿಯ) ಕ್ಯಾನ್ಸರ್ ತರಬಲ್ಲ ವೈರಸ್. ನಿಮಗೆ 25, ಮದುವೆ ಗೊತ್ತಾಗಿದೆ. ಇಬ್ಬರೂ ಎಚ್‌ಪಿವಿ ಟೆಸ್ಟ್ ಮಾಡಿಸಿ, ಏನೂ ಇಲ್ಲ ಅಂತ ಖಾತ್ರಿಯಾದ ಮೇಲೆ ಲಸಿಕೆ ಹಾಕಿಸೋಣ ಅಂತ ನಿಮ್ಮ ಯೋಚನೆ. ನಾನೂ ಹೀಗೇ ಯೋಚಿಸುತ್ತಿದ್ದವನು.

ಶನಿವಾರಸಂತೆ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಮದುವೆಯಾಗಿ ಹತ್ತು ವರ್ಷ ದಾಟಿತ್ತು. ಹೆಂಡತಿಗೆ ಮುಟ್ಟಿನ ದಿನ ಅಲ್ಲದಾಗಲೂ ರಕ್ತ ಕಾಣಿಸುತ್ತಿತ್ತು ಅಂತ ಮೈಸೂರಿಗೆ ಹೋದೆವು. ಎಚ್‌ಪಿವಿ 16, ಅಂದರೆ ಈ ವೈರಸ್‌ನ ಕ್ಯಾನ್ಸರ್ ತರಬಲ್ಲ ಬಗೆಗಳಲ್ಲಿ ಒಂದು, ಪಾಸಿಟಿವ್ ಬಂತು. ಕಾಲ್ಪೊಸ್ಕೊಪಿ ಮಾಡಿಸಿ, ಅಂದರೆ ಗರ್ಭಕೊರಳನ್ನು ದೊಡ್ಡದಾಗಿಸಿ ತೋರಿಸುವ ಯಂತ್ರದಲ್ಲಿ ನೋಡೋಣ, ಅಂದರು ಡಾಕ್ಟರು. ವಾಪಸ್ ಬರುವಾಗ ಪಿರಿಯಾಪಟ್ಟಣ ದಾಟುವಷ್ಟರಲ್ಲಿ ನಾನು ಕೇಳಿಬಿಟ್ಟೆ: "ಇದು ಯಾರಿಂದ ಬಂತು?"

ಅವಳು ಉತ್ತರ ಕೊಡಲಿಲ್ಲ. ಮಾರನೇ ದಿನ ತವರಿಗೆ ಹೋದಳು. ಆಗ ಅರೇಬಿಕಾ ಕೊಯ್ಲು ಶುರುವಾಗಿತ್ತು, ನನಗೂ ಹಟ. ಕಣದಲ್ಲಿ ಹಣ್ಣು ಒಣಗಿ ಚೀಲಕ್ಕೆ ತುಂಬುವವರೆಗೂ ಕಾಲ್ಪೊಸ್ಕೊಪಿ ಮಾತು ಯಾರೂ ಎತ್ತಲಿಲ್ಲ. ಕೊನೆಗೆ ಅತ್ತೆಯೇ ಕರೆದುಕೊಂಡು ಹೋದರು. ಕ್ಯಾನ್ಸರ್ ಅಲ್ಲ, ಅದಕ್ಕೆ ಮೊದಲಿನ ಹಂತ. ಆ ಭಾಗವನ್ನು ಲೂಪ್‌ನಿಂದ, ಅಂದರೆ ವಿದ್ಯುತ್ ಹರಿಯುವ ಸಣ್ಣ ತಂತಿಯ ಕುಣಿಕೆಯಿಂದ, ತೆಗೆದರು. ತಡವಾಗಿದ್ದರಿಂದ ಜಾಸ್ತಿ ಆಯ್ತಾ ಅಂತ ಡಾಕ್ಟರನ್ನು ಕೇಳಿದೆ. ಹೇಳಲಿಕ್ಕಾಗಲ್ಲ ಅಂದರು.

ನನ್ನ ಪ್ರಶ್ನೆಯೇ ದಡ್ಡತನದ್ದು. ಯಾಕೆ ಅಂತ ಬಿಡಿಸಿ ಹೇಳ್ತೀನಿ. ಈ ವೈರಸ್ ಬಂದರೆ ಜ್ವರ, ನೋವು ಏನೂ ಇರಲ್ಲ. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿ ಹೋಗುತ್ತದೆ. ಕೆಲವರಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಕೂತಿದ್ದು ಆಮೇಲೆ ಟೆಸ್ಟ್‌ನಲ್ಲಿ ಕಾಣಿಸುತ್ತದೆ. ಸೋಂಕು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15-20 ವರ್ಷ ಬೇಕು. ಹಾಗಾಗಿ ಪಾಸಿಟಿವ್ ಬಂತು ಅಂದರೆ ಯಾವಾಗ ಬಂತು, ಯಾರಿಂದ ಬಂತು ಅಂತ ಯಾವ ಲ್ಯಾಬ್ ಕೂಡ ಹೇಳಲಾರದು. ಅದು ನನ್ನಿಂದಲೇ ಬಂದಿರಬಹುದಿತ್ತು, ನನ್ನ ಮದುವೆಗೆ ಮೊದಲಿನ ದಿನಗಳಿಂದ. ಅದನ್ನು ಯೋಚಿಸುವಷ್ಟು ಬುದ್ಧಿ ಆಗ ಇರಲಿಲ್ಲ.

ಈಗ ನಿಮ್ಮ ವಿಷಯ. ಗಂಡಸರಿಗೆ ಒಪ್ಪಿಗೆ ಸಿಕ್ಕ ಎಚ್‌ಪಿವಿ ಟೆಸ್ಟ್ ಅಂತ ಒಂದಿಲ್ಲ. ಅಂದ ಮೇಲೆ "ಇಬ್ಬರೂ ಮಾಡಿಸೋಣ" ಅಂದರೆ ಪರೀಕ್ಷೆಗೆ ಕೂರುವವಳು ಹುಡುಗಿ ಒಬ್ಬಳೇ, ಅಲ್ವಾ? ಅದೂ ಮದುವೆಗೆ ಮುಂಚೆ! ದಯವಿಟ್ಟು ಬೇಡ. ಲಸಿಕೆಗೆ ಮೊದಲು ಟೆಸ್ಟ್ ಬೇಕಾಗಿಯೂ ಇಲ್ಲ.

ಲಸಿಕೆ ಹೆಣ್ಣುಮಕ್ಕಳಿಗೆ ಮಾತ್ರ ಅಂತ ನಮ್ಮೂರಲ್ಲಿ ಈಗಲೂ ಹೇಳ್ತಾರೆ, ಸುಮ್ನೆ. ಗಂಟಲು, ಗುದದ್ವಾರ, ಶಿಶ್ನದ ಕ್ಯಾನ್ಸರ್‌ಗೂ ಇದೇ ವೈರಸ್ ಕಾರಣ ಆಗಬಹುದು. ಜನನಾಂಗದ ನರುಳ್ಳೆಗಳು ಬಹುಪಾಲು 6 ಮತ್ತು 11ನೇ ಬಗೆಯಿಂದ ಬರುವಂಥವು. 2022ರಲ್ಲಿ ಒಪ್ಪಿಗೆ ಸಿಕ್ಕ ನಮ್ಮ ದೇಶದ್ದೇ ಲಸಿಕೆ ಸರ್ವವ್ಯಾಕ್ ಈ ಎರಡರ ಜೊತೆ ಕ್ಯಾನ್ಸರ್ ತರುವ 16, 18ನ್ನೂ ತಡೆಯುತ್ತದೆ. ಅದು 9ರಿಂದ 26 ವರ್ಷದ ಗಂಡು, ಹೆಣ್ಣು ಇಬ್ಬರಿಗೂ. 15 ತುಂಬಿದವರಿಗೆ ಮೂರು ಡೋಸ್: ಇವತ್ತು, ಎರಡು ತಿಂಗಳಿಗೆ, ಆರು ತಿಂಗಳಿಗೆ. 9ರಿಂದ 14 ವರ್ಷದವರಿಗೆ ಆರು ತಿಂಗಳ ಅಂತರದಲ್ಲಿ ಎರಡೇ ಸಾಕು. ಆಗಲೇ ಇರುವ ಸೋಂಕನ್ನು ಲಸಿಕೆ ಗುಣಪಡಿಸಲ್ಲ, ಅದಕ್ಕೇ ಬೇಗ ಹಾಕಿಸಿದಷ್ಟೂ ಲಾಭ. ನನ್ನ ಮಗನಿಗೆ ಹಾಕಿಸಿದಾಗ "ಗಂಡುಹುಡುಗನಿಗೆ ಯಾಕೆ?" ಅಂತ ಅಣ್ಣ ನಕ್ಕ. ನಗಲಿ ಬಿಡಿ.

26ರ ಮಿತಿ ಹತ್ತಿರ ಬಂತು, ನಿಮಗೆ ಸಮಯ ಜಾಸ್ತಿ ಇಲ್ಲ. ಈ ತಿಂಗಳೇ ನೀವು ಮೊದಲ ಡೋಸ್ ಹಾಕಿಸಿಕೊಳ್ಳಿ, ಆಮೇಲೆ ಹುಡುಗಿಗೆ ಹೇಳಿ. ನಿಮ್ಮೂರಿನ ಮೆಡಿಕಲ್‌ನಲ್ಲಿ ಸ್ಟಾಕ್ ಇಲ್ಲದಿರಬಹುದು. ಕುಶಾಲನಗರ, ಮಡಿಕೇರಿಗೆ ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ಫ್ರಿಜ್‌ನಲ್ಲಿ ಇಡಬೇಕಾದ ಲಸಿಕೆ, ತಂದು ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಅಲ್ಲೇ ಚುಚ್ಚಿಸಿಕೊಳ್ಳಿ. ಹುಡುಗಿಯ ಟೆಸ್ಟ್ ವಿಷಯ 30 ದಾಟಿದ ಮೇಲೆ ಅವರೇ ಡಾಕ್ಟರ ಹತ್ತಿರ ಮಾತಾಡಿಕೊಳ್ಳಲಿ. ಲಸಿಕೆ ಹಾಕಿಸಿದ್ದರೂ ಆಗ ಮಾಡಿಸಲೇಬೇಕು. ರಿಪೋರ್ಟ್ ಏನೇ ಬರಲಿ, ನೀವು ಮುಂದಿನ ಅಪಾಯಿಂಟ್‌ಮೆಂಟ್ ಯಾವತ್ತು ಅಂತ ಮಾತ್ರ ಕೇಳಿ.